ಸ್ವಹಸ್ತದ ದುರಸ್ತಿ: ಕೆಲಸಕ್ಕೆ ಮುನ್ನ ಎರಡು ಲೆಕ್ಕ

ಪ್ರತಿ ವರ್ಷ ಏಪ್ರಿಲ್-ಮೇ ತಿಂಗಳು ಬಂದೊಡನೆ ವರ್ತಕ ಬಾಂಧವರ ಮುಂದೆ ಎರಡು ಕೆಲಸಗಳು ಒಟ್ಟಿಗೇ ಬಂದು ನಿಲ್ಲುತ್ತವೆ. ಮೊದಲನೆಯದು, ಮಾರ್ಚ್ 31ಕ್ಕೆ ಮುಗಿದ ವರ್ಷದ ಲೆಕ್ಕಪತ್ರಗಳನ್ನು ಅಂತಿಮಗೊಳಿಸುವುದು. ಎರಡನೆಯದು, ಮುಂಗಾರು ಆರಂಭವಾಗುವ ಮೊದಲು ಮನೆ, ಮಳಿಗೆ ಹಾಗೂ ಗೋದಾಮುಗಳ ಸಣ್ಣಪುಟ್ಟ ದುರಸ್ತಿಯನ್ನು ಮುಗಿಸಿಕೊಳ್ಳುವುದು. ಮೊದಲನೆಯ ಕೆಲಸಕ್ಕೆ ಲೆಕ್ಕ ಪರಿಶೋಧಕರ ಬಳಿ ಬರುವ ಸದಸ್ಯರು ಎರಡನೆಯ ಕೆಲಸವನ್ನು ತಮ್ಮ ಕೈಯಿಂದಲೇ ಮಾಡಿ ಮುಗಿಸುವುದುಂಟು. ಮೇಸ್ತ್ರಿ ಹೇಳಿದ ದಿನಕ್ಕೆ ಬರುವುದಿಲ್ಲ, ಕೂಲಿ ಏರಿದೆ, ಸಾಮಗ್ರಿ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ ಎಂಬುವು ಇದಕ್ಕೆ ಕಾರಣಗಳು. ಕಾರಣಗಳು ಸಾಧುವಾದವೇ ಆಗಿವೆ. ಆದರೆ ಹೀಗೆ ಮಾಡಿದ ಕೆಲಸದ ಬಗ್ಗೆ ಮುಂದಿನ ವರ್ಷ ಕಡತ ತೆರೆದಾಗ ಬಿಲ್ಲು ಇರುವುದಿಲ್ಲ, ಖಾತೆ ಇರುವುದಿಲ್ಲ, ನಿಜವಾಗಿ ಉಳಿತಾಯವಾಯಿತೇ ಎಂಬ ಪ್ರಶ್ನೆಗೆ ಉತ್ತರವೂ ಇರುವುದಿಲ್ಲ.

ಸ್ವಂತ ಕೈಯಿಂದ ಮಾಡುವ ದುರಸ್ತಿಗೆ ಎರಡು ಬೇರೆ ಬೇರೆ ಲೆಕ್ಕಗಳಿವೆ ಎಂಬುದನ್ನು ತಿಳಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಕೆಲಸವನ್ನು ನಾವೇ ಮಾಡಬೇಕೇ ಬೇಡವೇ ಎಂದು ತೀರ್ಮಾನಿಸುವ ಲೆಕ್ಕ ಒಂದು. ಇದನ್ನು ‘ನಿರ್ಧಾರದ ಲೆಕ್ಕ’ ಎನ್ನೋಣ. ಮಾಡಿದ ವೆಚ್ಚವನ್ನು ಪುಸ್ತಕದಲ್ಲಿ ಬರೆದು ತೆರಿಗೆ ಕಾನೂನಿನ ಮುಂದೆ ಸಮರ್ಥಿಸುವ ಲೆಕ್ಕ ಇನ್ನೊಂದು. ಅದು ‘ಪುಸ್ತಕದ ಲೆಕ್ಕ’. ಮೊದಲನೆಯದರಲ್ಲಿ ನಮ್ಮ ಶ್ರಮಕ್ಕೆ ಬೆಲೆಯುಂಟು. ಎರಡನೆಯದರಲ್ಲಿ ಇಲ್ಲ. ಇವೆರಡನ್ನು ಬೆರೆಸಿಕೊಂಡಾಗಲೇ ನಷ್ಟವಾಗುತ್ತದೆ.

1. ಸ್ವಾನುಭವದಿಂದ ಕಲಿತ ಪಾಠ

ಇತರರಿಗೆ ಲೆಕ್ಕ ಹೇಳುವ ಮೊದಲು ನನ್ನದೇ ಲೆಕ್ಕವನ್ನು ಒಪ್ಪಿಸುವುದು ನ್ಯಾಯ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ತಾರಸಿ ಸೋರಲಾರಂಭಿಸಿತು. ಮಲಗುವ ಕೋಣೆಯ ಮೂಲೆಯಲ್ಲಿ ತಟ್ಟೆಯಗಲದ ತೇವ ಕಾಣಿಸಿಕೊಂಡಿತು. ಜಲನಿರೋಧಕ ಲೇಪನದ ಡಬ್ಬಿ, ಬ್ರಷ್ಷು ಮತ್ತು ತಂತಿ ಬ್ರಷ್ಷುಗಳನ್ನು ತಂದು, ಎರಡು ಭಾನುವಾರ ನಾನೇ ಲೇಪನ ಹಚ್ಚಿದೆ. ವೆಚ್ಚ 6,400 ರೂಪಾಯಿ. ಮಳೆಗಾಲದಲ್ಲಿ ಅದೇ ಮೂಲೆ ಮತ್ತೆ ನೆನೆಯಿತು. ಲೇಪನ ತೆಳುವಾಯಿತೆಂದು ಭಾವಿಸಿ ಮರುವರ್ಷ ದುಬಾರಿಯ ಡಬ್ಬಿ ತಂದು ಮತ್ತೊಮ್ಮೆ ಹಚ್ಚಿದೆ. ವೆಚ್ಚ 7,100 ರೂಪಾಯಿ. ಆ ವರ್ಷ ತೇವವು ಗೋಡೆಯುದ್ದಕ್ಕೂ ಇಳಿದು, ಅಟ್ಟದ ಮೇಲಿಟ್ಟಿದ್ದ ಹಳೆಯ ಲೆಕ್ಕಪತ್ರಗಳ ಒಂದು ಕಟ್ಟು ನೆನೆದು ಮುದ್ದೆಯಾಯಿತು. ಕಡತಗಳನ್ನು ಎಂಟು ವರ್ಷ ಜೋಪಾನ ಮಾಡಿರೆಂದು ಎಲ್ಲರಿಗೂ ಹೇಳುವ ನಾನು ನನ್ನ ಕಡತಗಳನ್ನೇ ಕಳೆದುಕೊಂಡೆ.

ಮೂರನೆಯ ವರ್ಷ ಅನುಭವಸ್ಥ ಮೇಸ್ತ್ರಿಯೊಬ್ಬರು ಬಂದು ತಾರಸಿಯನ್ನು ನೋಡಿದರು. ತಾರಸಿಯ ನಡುಭಾಗಕ್ಕೆ ಏನೂ ಆಗಿರಲಿಲ್ಲ. ಮಳೆನೀರು ಇಳಿಯುವ ಕೊಳವೆಯ ಬಾಯಿ ಮತ್ತು ಕೈಪಿಡಿ ಗೋಡೆ ಸೇರುವಲ್ಲಿ ಗಾರೆ ಬಿಟ್ಟುಕೊಂಡಿತ್ತು. ಅಲ್ಲಿ ಒಳಹೊಕ್ಕ ನೀರು ಎರಡು ಮಾರು ಹರಿದು ಕೋಣೆಯ ಮೂಲೆಯಲ್ಲಿ ಕಾಣಿಸುತ್ತಿತ್ತು. ಅವರು ಆ ಭಾಗವನ್ನು ಕೆತ್ತಿ, ಹೊಸ ಗಾರೆ ಮೆತ್ತಿ, ಮೂಲೆಯನ್ನು ಇಳಿಜಾರಾಗಿ ತುಂಬಿ ಮುಚ್ಚಿದರು. ಎರಡು ದಿನದ ಕೂಲಿ ಮತ್ತು ಸಾಮಗ್ರಿ ಸೇರಿ 5,200 ರೂಪಾಯಿ. ಒಟ್ಟು 18,700 ರೂಪಾಯಿ ವೆಚ್ಚದಲ್ಲಿ 13,500 ರೂಪಾಯಿ ನನ್ನ ಪಾಠದ ಶುಲ್ಕವೆನ್ನಬೇಕು. ನಾನು ಹಚ್ಚಿದ್ದ ಲೇಪನದಲ್ಲಿ ದೋಷವಿರಲಿಲ್ಲ, ಕೈಯಲ್ಲೂ ದೋಷವಿರಲಿಲ್ಲ. ಕಾರಣ ಯಾವುದೆಂದು ಪರೀಕ್ಷಿಸದೆ ಪರಿಹಾರವನ್ನು ಕೊಂಡುತಂದದ್ದೇ ದೋಷ. ತಾಳೆ ನೋಡದೆ ಹೊಂದಾಣಿಕೆ ನಮೂದು ಹಾಕುವ ಗುಮಾಸ್ತನನ್ನು ನಾವು ಗದರಿಸುತ್ತೇವೆ. ನಾನು ತಾರಸಿಯ ಮೇಲೆ ಮಾಡಿದ್ದೂ ಅದನ್ನೇ.

2. ನಿರ್ಧಾರದ ಲೆಕ್ಕ

ಉದಾಹರಣೆಗೆ, ವರ್ತಕರೊಬ್ಬರು ತಮ್ಮ ಮಳಿಗೆಯ ಗೋಡೆಗಳಿಗೆ ಬಣ್ಣ ಬಳಿಯಬೇಕಾಗಿದೆ ಎಂದಿಟ್ಟುಕೊಳ್ಳಿ. ಗುತ್ತಿಗೆದಾರನು ಸಾಮಗ್ರಿ ಸಹಿತ 18,000 ರೂಪಾಯಿ ಕೇಳಿದ್ದಾನೆ. ಬಣ್ಣದ ಸಾಮಗ್ರಿ 8,000 ರೂಪಾಯಿಗೆ ಸಿಗುತ್ತದೆ. ಆದ್ದರಿಂದ 10,000 ರೂಪಾಯಿ ಉಳಿತಾಯವೆಂದು ವರ್ತಕರು ಲೆಕ್ಕ ಹಾಕುತ್ತಾರೆ. ಈ ಲೆಕ್ಕ ಅಪೂರ್ಣವಾದುದು. ಪೂರ್ಣ ಲೆಕ್ಕ ಹೀಗಿರಬೇಕು:

ಬಣ್ಣ, ಪ್ರೈಮರ್, ಪುಟ್ಟಿ ಇತ್ಯಾದಿ: 8,000 ರೂ.
ಏಣಿ, ರೋಲರ್, ಬ್ರಷ್ಷು, ಉಜ್ಜು ಕಾಗದ: 1,500 ರೂ.
ಸಹಾಯಕನ ಎರಡು ದಿನದ ಕೂಲಿ: 1,600 ರೂ.
ಮಳಿಗೆ ಮುಚ್ಚಿದ ಎರಡು ದಿನದ ಒಟ್ಟು ಲಾಭದ ನಷ್ಟ, ದಿನಕ್ಕೆ 2,500ರಂತೆ: 5,000 ರೂ.
ಪುನಃ ಮಾಡಬೇಕಾಗಬಹುದಾದ ಕೆಲಸಕ್ಕೆ, ಸಾಮಗ್ರಿಯ ಶೇ. 10: 800 ರೂ.
ಒಟ್ಟು: 16,900 ರೂ.

ಉಳಿತಾಯ 10,000 ಅಲ್ಲ, 1,100 ರೂಪಾಯಿ ಮಾತ್ರ. ಅದೇ ಕೆಲಸವನ್ನು ವಾರದ ರಜಾದಿನಗಳಂದು ಮಾಡಿದರೆ ಲಾಭನಷ್ಟದ 5,000 ರೂಪಾಯಿ ಬಿಟ್ಟುಹೋಗಿ ವೆಚ್ಚ 11,900ಕ್ಕೆ ಇಳಿಯುತ್ತದೆ, ಉಳಿತಾಯ 6,100 ರೂಪಾಯಿ ಆಗುತ್ತದೆ. ಕೆಲಸ ಅದೇ, ಕೈ ಅದೇ. ಮಾಡಿದ ದಿನ ಬೇರೆಯಾದ ಕಾರಣ ಫಲಿತಾಂಶ ಬೇರೆಯಾಯಿತು. ಏಣಿ ಮತ್ತು ರೋಲರ್‌ಗಳು ಮುಂದಿನ ಕೆಲಸಕ್ಕೂ ಬರುವುದರಿಂದ ಅವುಗಳ ಪೂರ್ಣ ಬೆಲೆಯನ್ನು ಮೊದಲ ಕೆಲಸದ ಮೇಲೆಯೇ ಹೊರಿಸಬೇಕಾಗಿಲ್ಲ. ಆದರೆ ವರ್ಷಕ್ಕೊಮ್ಮೆಯೂ ಬಳಸದ ಡ್ರಿಲ್ಲಿಂಗ್ ಯಂತ್ರವನ್ನು ಒಂದೇ ಕೆಲಸಕ್ಕಾಗಿ ಕೊಳ್ಳುವುದಕ್ಕಿಂತ ಬಾಡಿಗೆಗೆ ತರುವುದು ಲೇಸು.

ಕೆಲವು ಕೆಲಸಗಳಲ್ಲಿ ಮಾತ್ರ ಸಂಶಯವೇ ಇಲ್ಲದೆ ಲಾಭವಿದೆ. ತೊಟ್ಟಿಕ್ಕುವ ನಲ್ಲಿಯ ಕೆಳಗೆ 1 ಲೀಟರಿನ ಪಾತ್ರೆಯಿಟ್ಟು ಗಡಿಯಾರ ನೋಡಿರಿ. ಮೂರು ಗಂಟೆಯಲ್ಲಿ ತುಂಬಿದರೆ ದಿನಕ್ಕೆ 8 ಲೀಟರ್, ತಿಂಗಳಿಗೆ 240 ಲೀಟರ್ ನೀರು ವ್ಯರ್ಥವಾಗುತ್ತಿದೆ. ಬದಲಿಸಬೇಕಾದದ್ದು ಕೆಲವೇ ರೂಪಾಯಿಯ ವಾಷರ್. ಬೇಕಾದ ಸಮಯ ಅರ್ಧ ಗಂಟೆ. ಇಲ್ಲಿ ಪ್ಲಂಬರ್‌ಗಾಗಿ ಎರಡು ವಾರ ಕಾಯುವುದೇ ನಷ್ಟ.

3. ಕೈಹಚ್ಚಬಹುದಾದ ಕೆಲಸ, ಕೈಹಚ್ಚಬಾರದ ಕೆಲಸ

ನಿರ್ಧಾರದ ಲೆಕ್ಕದಲ್ಲಿ ಹಣದಷ್ಟೇ ಮುಖ್ಯವಾದದ್ದು ಅಪಾಯ. ಈ ದೃಷ್ಟಿಯಿಂದ ಕೆಲಸಗಳನ್ನು ಮೂರು ವರ್ಗವಾಗಿ ವಿಂಗಡಿಸಬಹುದು.

(ಅ) ತಪ್ಪಿದರೆ ಮತ್ತೆ ಮಾಡಬಹುದಾದ ಕೆಲಸಗಳು: ನಲ್ಲಿಯ ವಾಷರ್, ಬಾಗಿಲಿನ ಕೀಲು ಮತ್ತು ಚಿಲಕ, ಕಿಟಕಿಯ ಸಂದು ತುಂಬುವುದು, ಸುಣ್ಣಬಣ್ಣ, ಮಳೆನೀರಿನ ಕೊಳವೆಗಳ ಬಾಯಿಯಲ್ಲಿ ಕಟ್ಟಿದ ಎಲೆ-ಕಸ ತೆಗೆಯುವುದು. ಇವು ಸ್ವಂತ ಕೈಗೆ ಯೋಗ್ಯವಾದವು. ಇವುಗಳಲ್ಲಿ ಕೊನೆಯದನ್ನು ಮೇ ತಿಂಗಳಿನಲ್ಲಿಯೇ ಮಾಡತಕ್ಕದ್ದು. ತಾರಸಿಯಲ್ಲಿ ನೀರು ನಿಂತು ಸೋರುವ ಅನೇಕ ಪ್ರಸಂಗಗಳಿಗೆ ಮುಚ್ಚಿಹೋದ ಕೊಳವೆಯೇ ಕಾರಣವಾಗಿರುತ್ತದೆ.

(ಆ) ಕಾರಣ ತಿಳಿದ ಮೇಲೆ ಮಾತ್ರ ಮಾಡಬಹುದಾದ ಕೆಲಸಗಳು: ಸೋರಿಕೆ ಮತ್ತು ಬಿರುಕು ಈ ವರ್ಗಕ್ಕೆ ಸೇರಿವೆ. ತೇವ ಕಾಣುವ ಜಾಗದ ನೇರ ಮೇಲೆಯೇ ನೀರು ಹೊಕ್ಕಿರಬೇಕೆಂದಿಲ್ಲ. ಒಣಗಿದ ದಿನದಲ್ಲಿ ತಾರಸಿಯ ಒಂದೊಂದೇ ಭಾಗಕ್ಕೆ ನೀರು ಬಿಟ್ಟು, ಕೆಲವು ಗಂಟೆ ಕಾದು, ಯಾವ ಭಾಗಕ್ಕೆ ಬಿಟ್ಟಾಗ ಕೆಳಗೆ ತೇವ ಹೆಚ್ಚಿತು ಎಂಬುದನ್ನು ಬರೆದುಕೊಳ್ಳಬೇಕು. ಕೈಪಿಡಿ ಗೋಡೆಯ ಬುಡ, ಕೊಳವೆಯ ಬಾಯಿ, ನೀರಿನ ತೊಟ್ಟಿಯ ಕಾಲು, ಇವುಗಳನ್ನು ಮೊದಲು ನೋಡಬೇಕು. ಬಿರುಕಿನ ಎರಡೂ ತುದಿಗಳಿಗೆ ಪೆನ್ಸಿಲಿನಿಂದ ಗೆರೆ ಎಳೆದು ದಿನಾಂಕ ಬರೆಯಿರಿ. ಕೆಲವು ತಿಂಗಳಲ್ಲಿ ಬಿರುಕು ಗೆರೆಯನ್ನು ದಾಟಿ ಬೆಳೆದರೆ ಅದು ಬಣ್ಣ-ಪುಟ್ಟಿಯ ಕೆಲಸವಲ್ಲ, ಇಂಜಿನಿಯರರ ಕೆಲಸ. ಲೇಪನ ಹಚ್ಚುವುದಾದರೆ ಮೇಲ್ಮೈ ಶುದ್ಧವಾಗಿರಬೇಕು, ಡಬ್ಬಿಯ ಮೇಲಿನ ಸೂಚನೆಯನ್ನು ಪಾಲಿಸಬೇಕು, ಮೊದಲ ಪದರ ಒಣಗಿದ ನಂತರ ಎರಡನೆಯದನ್ನು ಅಡ್ಡ ದಿಕ್ಕಿನಲ್ಲಿ ಹಚ್ಚಬೇಕು.

(ಇ) ತಪ್ಪಿದರೆ ತಿದ್ದಲಾಗದ ಕೆಲಸಗಳು: ಭಾರ ಹೊತ್ತ ಗೋಡೆಯನ್ನು ಒಡೆಯುವುದು, ಕಬ್ಬಿಣ ಹೊರಬಂದು ತುಕ್ಕು ಹಿಡಿದ ಕಾಂಕ್ರೀಟು, ಅಡುಗೆ ಅನಿಲದ ಕೊಳವೆ, ವಿದ್ಯುತ್ ತಂತಿ ಜೋಡಣೆ ಮತ್ತು ಸಿಮೆಂಟ್ ಷೀಟಿನ ಛಾವಣಿ. ವಿದ್ಯುತ್ತಿನ ವಿಷಯದಲ್ಲಿ ಕಾನೂನೇ ಗೆರೆ ಎಳೆದಿದೆ. ದೀಪ, ಫ್ಯಾನು, ಫ್ಯೂಸು, ಸ್ವಿಚ್ಚುಗಳನ್ನು ಬದಲಿಸುವಂತಹ ಸಣ್ಣ ಕೆಲಸವನ್ನು ಬಿಟ್ಟು, ಸ್ಥಾವರದ ಸಾಮರ್ಥ್ಯ ಅಥವಾ ಸ್ವರೂಪವನ್ನು ಬದಲಿಸುವ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರ ಮೂಲಕವೇ ಮಾಡಿಸಬೇಕು. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿದ್ದ ಈ ತತ್ತ್ವ ಅನಂತರದ ನಿಯಮಾವಳಿಗಳಲ್ಲೂ ಮುಂದುವರಿದಿದೆ. ಸ್ವಿಚ್ಚು ಬದಲಿಸುವಾಗಲೂ ಮುಖ್ಯ ಸ್ವಿಚ್ಚನ್ನು ಆರಿಸಿ, ಟೆಸ್ಟರಿನಿಂದ ಪರೀಕ್ಷಿಸಿದ ನಂತರವೇ ಕೈಹಾಕತಕ್ಕದ್ದು.

ಷೀಟಿನ ಛಾವಣಿಯ ಬಗ್ಗೆ ಒಂದು ನೋವಿನ ಪ್ರಸಂಗವನ್ನು ಹೇಳಲೇಬೇಕು. ನಮ್ಮ ಕಚೇರಿಗೆ ಲೆಕ್ಕ ತರುವ ಸಣ್ಣ ಕೈಗಾರಿಕೆಯ ಮಾಲೀಕರೊಬ್ಬರು, ಷೆಡ್ಡಿನ ಷೀಟಿನ ಬೋಲ್ಟುಗಳ ಬಳಿ ನೀರು ಸೋರುತ್ತಿದೆಯೆಂದು, 1,200 ರೂಪಾಯಿ ಕೂಲಿ ಉಳಿಸಲು ತಾವೇ ಮೇಲೇರಿದರು. ಹಳೆಯ ಸಿಮೆಂಟ್ ಷೀಟು ಮನುಷ್ಯನ ಭಾರವನ್ನು ತಡೆಯುವುದಿಲ್ಲ. ಅದು ಬಾಗಿ ಎಚ್ಚರಿಕೆ ನೀಡದೆ ಒಮ್ಮೆಲೇ ಮುರಿಯುತ್ತದೆ. ಅವರು ಹನ್ನೆರಡು ಅಡಿ ಕೆಳಗೆ ಬಿದ್ದು ಕಾಲಿನ ಮೂಳೆ ಮುರಿದುಕೊಂಡರು. ಎರಡು ತಿಂಗಳು ಅವರು ಷೆಡ್ಡಿಗೆ ಬರಲಾಗಲಿಲ್ಲ, ಕೈಯಲ್ಲಿದ್ದ ಎರಡು ಆದೇಶಗಳು ಬೇರೆಯವರ ಪಾಲಾದವು. ಆ ವರ್ಷದ ಲಾಭ-ನಷ್ಟ ಪಟ್ಟಿಯಲ್ಲಿ ದುರಸ್ತಿ ವೆಚ್ಚ ಕಡಿಮೆಯಾಗಿ ಕಾಣುತ್ತದೆ. ಅದರ ನಿಜವಾದ ಬೆಲೆ ಬೇರೆ ಸಾಲಿನಲ್ಲಿದೆ. ಷೀಟಿನ ಮೇಲೆ ಹಲಗೆ ಹಾಸಿ, ಸುರಕ್ಷಾ ಪಟ್ಟಿ ಕಟ್ಟಿ, ತೊಲೆಗಳ ಗೆರೆಯಲ್ಲಿ ನಡೆಯಬಲ್ಲ ಅನುಭವಿಗಳಿಗೇ ಆ ಕೆಲಸವನ್ನು ಬಿಡತಕ್ಕದ್ದು. ಆಸ್ಬೆಸ್ಟಾಸ್ ಇರುವ ಷೀಟಿಗೆ ರಂಧ್ರ ಕೊರೆದರೆ ಬರುವ ಧೂಳು ಶ್ವಾಸಕೋಶಕ್ಕೆ ಹಾನಿಕರ ಎಂಬುದೂ ನೆನಪಿರಲಿ. ತಾವು ಏರುವ ಬದಲು ಅಂಗಡಿಯ ನೌಕರನನ್ನು ಏರಿಸುವುದು ಪರಿಹಾರವಲ್ಲ. ಅಪಘಾತವಾದರೆ ಪರಿಹಾರದ ಹೊಣೆ ಮಾಲೀಕನ ಮೇಲೆಯೇ ಬೀಳುತ್ತದೆ.

4. ಪುಸ್ತಕದ ಲೆಕ್ಕ: ದುರಸ್ತಿಯೇ, ಬಂಡವಾಳ ವೆಚ್ಚವೇ?

ಇನ್ನು ಎರಡನೆಯ ಲೆಕ್ಕ. 1961ರ ಆದಾಯ ತೆರಿಗೆ ಕಾಯ್ದೆಯ ಸ್ಥಾನದಲ್ಲಿ 2025ರ ಕಾಯ್ದೆಯನ್ನು 2026ರ ಏಪ್ರಿಲ್ 1ರಿಂದ ಜಾರಿಯಾಗುವಂತೆ ರೂಪಿಸಲಾಗಿದೆ. ಪ್ರಕರಣಗಳ ಸಂಖ್ಯೆ ಬದಲಾದರೂ ದುರಸ್ತಿ ಮತ್ತು ಬಂಡವಾಳ ವೆಚ್ಚದ ಭೇದ ಹಾಗೆಯೇ ಉಳಿದಿದೆ. ಓದುಗರಿಗೆ ಪರಿಚಿತವಾದ ಕಾರಣ ಇಲ್ಲಿ 1961ರ ಕಾಯ್ದೆಯ ಸಂಖ್ಯೆಗಳನ್ನು ಬಳಸಲಾಗಿದೆ.

ವ್ಯಾಪಾರಕ್ಕೆ ಬಳಸುವ ಸ್ವಂತ ಕಟ್ಟಡದ ‘ಚಾಲ್ತಿ ದುರಸ್ತಿ’ಯನ್ನು 30ನೆಯ ಪ್ರಕರಣದಂತೆ, ಯಂತ್ರೋಪಕರಣ ಮತ್ತು ಪೀಠೋಪಕರಣಗಳ ಚಾಲ್ತಿ ದುರಸ್ತಿಯನ್ನು 31ನೆಯ ಪ್ರಕರಣದಂತೆ ಆ ವರ್ಷದ ಆದಾಯದಿಂದ ಪೂರ್ಣವಾಗಿ ಕಳೆಯಬಹುದು. ಬಂಡವಾಳ ಸ್ವರೂಪದ ವೆಚ್ಚವನ್ನು ಹೀಗೆ ಕಳೆಯಲಾಗದು. ಅದರ ಮೇಲೆ ಸವಕಳಿ ಮಾತ್ರ ದೊರೆಯುತ್ತದೆ. ವಾಸಕ್ಕಲ್ಲದ ಕಟ್ಟಡಕ್ಕೆ ಸವಕಳಿ ದರ ಶೇ. 10.

ಚಾಲ್ತಿ ದುರಸ್ತಿ ಎಂದರೇನು? 1956ರಲ್ಲಿ ನ್ಯೂ ಶೋರಾಕ್ ಮಿಲ್ಲಿನ ಪ್ರಕರಣದಲ್ಲಿ ಬೊಂಬಾಯಿ ಉಚ್ಚ ನ್ಯಾಯಾಲಯ ನೀಡಿದ ಪರೀಕ್ಷೆ ಇಂದಿಗೂ ಮಾರ್ಗದರ್ಶಿಯಾಗಿದೆ. ಈಗಾಗಲೇ ಇರುವ ಆಸ್ತಿಯನ್ನು ಕಾಪಾಡಿ ಉಳಿಸಿಕೊಳ್ಳಲು ಮಾಡಿದ ವೆಚ್ಚ ಚಾಲ್ತಿ ದುರಸ್ತಿ. ಹೊಸ ಆಸ್ತಿಯನ್ನೋ ಹೊಸ ಅನುಕೂಲವನ್ನೋ ಹುಟ್ಟಿಸುವ ವೆಚ್ಚ ಅದಲ್ಲ. 1997ರಲ್ಲಿ ಬಲ್ಲಿಮಲ್ ನವಲ್ ಕಿಶೋರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಪರೀಕ್ಷೆಯನ್ನು ಎತ್ತಿಹಿಡಿಯಿತು. ಅಲ್ಲಿ ಚಿತ್ರಮಂದಿರವೊಂದಕ್ಕೆ ಹೊಸ ಯಂತ್ರ, ಹೊಸ ಪೀಠೋಪಕರಣ, ಹೊಸ ನೈರ್ಮಲ್ಯ ಸಾಧನ ಹಾಗೂ ಹೊಸ ವಿದ್ಯುತ್ ತಂತಿಗಳನ್ನು ಅಳವಡಿಸಿ, ಕಟ್ಟಡವನ್ನೂ ವ್ಯಾಪಕವಾಗಿ ನವೀಕರಿಸಲಾಗಿತ್ತು. ಇದು ಚಾಲ್ತಿ ದುರಸ್ತಿಯಲ್ಲವೆಂದು ತೀರ್ಪಾಯಿತು. ಯಂತ್ರಗಳ ವಿಷಯದಲ್ಲಿ 2007ರ ಸರವಣ ಸ್ಪಿನ್ನಿಂಗ್ ಮಿಲ್ಸ್ ತೀರ್ಪು ಗಮನಾರ್ಹ. ಗಿರಣಿಯ ರಿಂಗ್ ಫ್ರೇಮಿನಂತಹ ಸ್ವತಂತ್ರ ಯಂತ್ರವನ್ನೇ ಬದಲಿಸಿದರೆ ಅದು ಚಾಲ್ತಿ ದುರಸ್ತಿ ಎನಿಸುವುದಿಲ್ಲ.

ನಮ್ಮ ನಾಡಿನ ಉದಾಹರಣೆಯಿಂದ ಇದನ್ನು ಸುಲಭವಾಗಿ ತಿಳಿಯಬಹುದು. ಕರಾವಳಿ-ಮಲೆನಾಡಿನ ಎಷ್ಟೋ ಹಳೆಯ ಅಂಗಡಿ, ಗೋದಾಮುಗಳಿಗೆ ಇಂದಿಗೂ ಮಂಗಳೂರು ಹೆಂಚಿನ ಮಾಡು ಇದೆ. ಮಳೆಗೆ ಮುನ್ನ ಒಡೆದ ಹೆಂಚುಗಳನ್ನು ತೆಗೆದು ಬೇರೆ ಹೆಂಚು ಹೊದಿಸುವುದು ಚಾಲ್ತಿ ದುರಸ್ತಿಯ ಶುದ್ಧ ಮಾದರಿ. ಗೆದ್ದಲು ತಿಂದ ನಾಲ್ಕು ರೀಪು ಬದಲಿಸಿದರೂ ಅದು ದುರಸ್ತಿಯೇ. ಆದರೆ ಇಡೀ ಹೆಂಚಿನ ಮಾಡನ್ನು ಇಳಿಸಿ ಕಾಂಕ್ರೀಟಿನ ತಾರಸಿ ಹಾಕಿದರೆ ಹೊಸ ಅನುಕೂಲ ಹುಟ್ಟಿತು. ಅದು ಬಂಡವಾಳ ವೆಚ್ಚ. ಅದಕ್ಕೆ 3,00,000 ರೂಪಾಯಿ ಖರ್ಚಾದರೆ ಮೊದಲ ವರ್ಷ 30,000 ರೂಪಾಯಿ ಸವಕಳಿ ಮಾತ್ರ ಸಿಗುತ್ತದೆ. ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಕೆಯಾಗಿದ್ದರೆ 15,000 ಮಾತ್ರ. ಮೊತ್ತ ಸಣ್ಣದೇ ದೊಡ್ಡದೇ ಎಂಬುದಕ್ಕಿಂತ ಕೆಲಸದ ಸ್ವರೂಪವೇ ಮುಖ್ಯ.

ಬಾಡಿಗೆ ಮಳಿಗೆಯವರು ಒಂದು ಅಂಶವನ್ನು ಗಮನಿಸಬೇಕು. ದುರಸ್ತಿಯ ವೆಚ್ಚವನ್ನು ಬಾಡಿಗೆದಾರನು ಭರಿಸಲು ಒಪ್ಪಿದ್ದಲ್ಲಿ ಆ ವೆಚ್ಚ ಅವನಿಗೆ ಕಳೆಯಲು ಸಿಗುತ್ತದೆ. ಆದುದರಿಂದ ಕರಾರು ಪತ್ರದಲ್ಲಿ ಈ ಮಾತು ಸ್ಪಷ್ಟವಾಗಿ ಇರಲಿ. ಬಾಯಿಮಾತಿನ ಒಪ್ಪಂದವನ್ನು ಕರನಿರ್ಧಾರದ ವೇಳೆ ರುಜುವಾತು ಪಡಿಸುವುದು ಕಷ್ಟ.

5. ಸ್ವಂತ ಶ್ರಮಕ್ಕೆ ಕೂಲಿ ಬರೆಯಬಹುದೇ?

ಇದು ನಮಗೆ ಪದೇ ಪದೇ ಬರುವ ಪ್ರಶ್ನೆ. ‘ಸರ್, ನಾಲ್ಕು ದಿನ ನಾನೇ ದುಡಿದಿದ್ದೇನೆ, ದಿನಕ್ಕೆ 800ರಂತೆ ದುರಸ್ತಿ ಖಾತೆಗೆ ಖರ್ಚು ಬರೆಯಲೇ?’ ಬರೆಯುವಂತಿಲ್ಲ. ಏಕವ್ಯಕ್ತಿ ಸಂಸ್ಥೆಯಲ್ಲಿ ಮಾಲೀಕ ಮತ್ತು ವ್ಯಾಪಾರ ಕಾನೂನಿನ ದೃಷ್ಟಿಯಲ್ಲಿ ಒಂದೇ. ಒಬ್ಬನು ತನಗೆ ತಾನೇ ಕೂಲಿ ಕೊಡಲಾರ, ತನ್ನಿಂದ ತಾನೇ ಲಾಭ ಪಡೆಯಲಾರ. ಈ ತತ್ತ್ವದ ಇನ್ನೊಂದು ಮುಖವನ್ನು ಸರ್ವೋಚ್ಚ ನ್ಯಾಯಾಲಯವು 1953ರಲ್ಲಿಯೇ ಕಿಕಾಭಾಯಿ ಪ್ರೇಮ್‌ಚಂದ್ ಪ್ರಕರಣದಲ್ಲಿ ಎತ್ತಿ ಹೇಳಿದೆ. ಬೊಂಬಾಯಿಯ ಆ ವರ್ತಕರು ತಮ್ಮ ವ್ಯಾಪಾರದ ಬೆಳ್ಳಿ ಮತ್ತು ಷೇರುಗಳಲ್ಲಿ ಕೆಲವನ್ನು ವ್ಯಾಪಾರದಿಂದ ಹೊರತೆಗೆದು ನ್ಯಾಸಕ್ಕೆ ವರ್ಗಾಯಿಸಿದಾಗ, ಅದರಿಂದ ಆದಾಯ ಹುಟ್ಟಿತೆನ್ನಲಾಗದು ಎಂದು ತೀರ್ಪಾಯಿತು.

ಪಾಲುದಾರಿಕೆ ಸಂಸ್ಥೆಯಲ್ಲಿ ದುಡಿಯುವ ಪಾಲುದಾರನಿಗೆ ಪಾಲುಪತ್ರದಲ್ಲಿ ನಮೂದಿಸಿದ ಸಂಭಾವನೆ ಮಾತ್ರ, ಕಾನೂನಿನ ಮಿತಿಯೊಳಗೆ ದೊರೆಯುತ್ತದೆ. ಗೋಡೆಗೆ ಬಣ್ಣ ಬಳಿದುದಕ್ಕೆ ಪ್ರತ್ಯೇಕ ಕೂಲಿ ಇಲ್ಲ. ಹೊರಗಿನ ಸಹಾಯಕನಿಗೆ ವಾಸ್ತವವಾಗಿ ಕೊಟ್ಟ ಕೂಲಿಯನ್ನು ಮಾತ್ರ ಹೆಸರು, ದಿನಾಂಕ, ಕೆಲಸದ ವಿವರ ಮತ್ತು ಸಹಿ ಇರುವ ವೋಚರಿನೊಂದಿಗೆ ಬರೆಯಬಹುದು. ಒಬ್ಬ ವ್ಯಕ್ತಿಗೆ ಒಂದೇ ದಿನ 10,000 ರೂಪಾಯಿಗೂ ಮೀರಿ ನಗದು ಕೊಟ್ಟರೆ ಆ ಖರ್ಚು ತಿರಸ್ಕೃತವಾಗುತ್ತದೆ ಎಂಬುದನ್ನು ಮರೆಯಬಾರದು. ಬಂಡವಾಳ ಆಸ್ತಿಗೆ ಹೀಗೆ ನಗದು ಕೊಟ್ಟರೆ ಆ ಮೊತ್ತ ಆಸ್ತಿಯ ಬೆಲೆಗೆ ಸೇರದು, ಅದರ ಮೇಲೆ ಸವಕಳಿಯೂ ಇಲ್ಲ.

ಹಾಗಾದರೆ ಸ್ವಂತ ಶ್ರಮ ವ್ಯರ್ಥವೇ? ಅಲ್ಲ. ಕೂಲಿ ಕೊಡದ ಕಾರಣ ಖರ್ಚು ಕಡಿಮೆಯಾಗಿ ಲಾಭ ಹೆಚ್ಚಿತು. ಅದೇ ಶ್ರಮದ ಫಲ. ಆ ಹೆಚ್ಚಿದ ಲಾಭದ ಮೇಲೆ ತೆರಿಗೆಯುಂಟು ಎಂಬುದನ್ನು ನಿರ್ಧಾರದ ಲೆಕ್ಕದಲ್ಲಿ ಸೇರಿಸಿಕೊಂಡರೆ ಸಾಕು. 10,000 ರೂಪಾಯಿ ಕೂಲಿ ಉಳಿಸಿದ ಶೇ. 30ರ ದರದ ತೆರಿಗೆದಾರನಿಗೆ, ಸೆಸ್ ಬಿಟ್ಟು, ನಿವ್ವಳ ಉಳಿಯುವುದು 7,000 ರೂಪಾಯಿ.

6. ಜಿ.ಎಸ್.ಟಿ. ಜಮೆ

ಈ ಅಂಶವನ್ನು ಅನೇಕ ಸದಸ್ಯರು ಗಮನಿಸಿಲ್ಲ. ಕೇಂದ್ರ ಜಿ.ಎಸ್.ಟಿ. ಕಾಯ್ದೆಯ 17(5)ನೆಯ ಪ್ರಕರಣದಂತೆ, ಸ್ವಂತಕ್ಕಾಗಿ ಸ್ಥಿರಾಸ್ತಿಯನ್ನು ನಿರ್ಮಿಸಲು ಪಡೆದ ಸಾಮಗ್ರಿ ಮತ್ತು ಸೇವೆಗಳ ಇನ್‌ಪುಟ್ ತೆರಿಗೆ ಜಮೆ ಸಿಗುವುದಿಲ್ಲ. ‘ನಿರ್ಮಾಣ’ ಎಂಬ ಪದದಲ್ಲಿ ನವೀಕರಣ, ಮಾರ್ಪಾಡು ಮತ್ತು ದುರಸ್ತಿಗಳೂ ಸೇರಿವೆ. ಆದರೆ ಅವು ಸೇರುವುದು ವೆಚ್ಚವನ್ನು ಸ್ಥಿರಾಸ್ತಿಯ ಬಂಡವಾಳಕ್ಕೆ ಸೇರಿಸಿದಷ್ಟರ ಮಟ್ಟಿಗೆ ಮಾತ್ರ. ಅಂದರೆ ವ್ಯಾಪಾರದ ಕಟ್ಟಡಕ್ಕೆ ಬಣ್ಣ ಬಳಿದ ವೆಚ್ಚವನ್ನು ರಾಜಸ್ವ ವೆಚ್ಚವಾಗಿ ಸರಿಯಾಗಿ ಬರೆದಿದ್ದರೆ ಅದರ ಜಮೆಯನ್ನು ಪಡೆಯಬಹುದು. 8,000 ರೂಪಾಯಿ ಬಣ್ಣದ ಮೇಲೆ ಶೇ. 18ರಂತೆ ತೆತ್ತ 1,440 ರೂಪಾಯಿ ಹೀಗೆ ಮರಳುತ್ತದೆ.

ಇದಕ್ಕೆ ಮೂರು ಷರತ್ತುಗಳನ್ನು ನೆನಪಿಡಿ. ಬಿಲ್ಲಿನಲ್ಲಿ ತಮ್ಮ ನೋಂದಣಿ ಸಂಖ್ಯೆ ನಮೂದಾಗಿರಬೇಕು; ಹೆಸರಿಲ್ಲದ ಚೀಟಿ ಕೆಲಸಕ್ಕೆ ಬಾರದು. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಜಮೆ ಇಲ್ಲ. ಸ್ವಂತ ವಾಸದ ಮನೆಗೆ ತಂದ ಸಾಮಗ್ರಿಯ ತೆರಿಗೆಯನ್ನು ವ್ಯಾಪಾರದ ಲೆಕ್ಕದಲ್ಲಿ ಜಮೆ ಮಾಡಿಕೊಳ್ಳುವುದು ತಪ್ಪು. ಅಂಗಡಿಗೆಂದು ಎರಡು ಡಬ್ಬಿ, ಮನೆಗೆಂದು ಒಂದು ಡಬ್ಬಿ ತರುವುದಾದರೆ ಎರಡು ಬಿಲ್ಲು ಮಾಡಿಸಿರಿ.

7. ವಾಸದ ಮನೆ ಮತ್ತು ಬಾಡಿಗೆ ಮನೆ

ಸ್ವಂತ ವಾಸದ ಮನೆಯ ದುರಸ್ತಿ ವೈಯಕ್ತಿಕ ವೆಚ್ಚ. ವ್ಯಾಪಾರದ ಹಣದಿಂದ ಕೊಟ್ಟಿದ್ದರೆ ಅದನ್ನು ಮಾಲೀಕನ ಸ್ವಂತ ಖಾತೆಗೆ ಬರೆಯಬೇಕು. ಮುಂಭಾಗದಲ್ಲಿ ಅಂಗಡಿ, ಹಿಂಭಾಗದಲ್ಲಿ ಮನೆ ಇರುವ ಕಟ್ಟಡವಾದರೆ 38ನೆಯ ಪ್ರಕರಣದಂತೆ ನ್ಯಾಯೋಚಿತ ಪ್ರಮಾಣವನ್ನು ಮಾತ್ರ ವ್ಯಾಪಾರಕ್ಕೆ ಹಾಕಬಹುದು. ವಿಸ್ತೀರ್ಣದ ಅಳತೆಯನ್ನು ಒಂದು ಹಾಳೆಯಲ್ಲಿ ಬರೆದು ಕಡತದಲ್ಲಿಡುವುದು ಒಳ್ಳೆಯದು.

ಬಾಡಿಗೆಗೆ ಕೊಟ್ಟ ಮನೆಯ ವಿಷಯ ಬೇರೆ. ಸ್ಥಳೀಯ ಸಂಸ್ಥೆಯ ತೆರಿಗೆಯನ್ನು ಕಳೆದು ಉಳಿದ ವಾರ್ಷಿಕ ಮೌಲ್ಯದ ಶೇ. 30ನ್ನು ದುರಸ್ತಿ ಮಾಡಿದರೂ ಮಾಡದಿದ್ದರೂ ಕಳೆಯಲು ಅವಕಾಶವಿದೆ. ವಾಸ್ತವ ವೆಚ್ಚವನ್ನು ಅದರ ಮೇಲೆ ಮತ್ತೆ ಕೇಳುವಂತಿಲ್ಲ. ಆದುದರಿಂದ ಸಣ್ಣ ಕೆಲಸಗಳನ್ನು ತಾನೇ ಮಾಡುವ ಮನೆಮಾಲೀಕನಿಗೆ ಉಳಿಸಿದ ಹಣ ಪೂರ್ಣವಾಗಿ ಉಳಿಯುತ್ತದೆ. ಎರಡು ಲೆಕ್ಕಗಳೂ ಸ್ವಂತ ಕೈಯ ಪರವಾಗಿ ನಿಲ್ಲುವ ಅಪರೂಪದ ಸಂದರ್ಭವಿದು.

ಮನೆಗೆ ಕೋಣೆ ಸೇರಿಸಿದರೆ, ಹೆಂಚು ತೆಗೆದು ತಾರಸಿ ಹಾಕಿದರೆ, ಆ ವೆಚ್ಚ ಇಂದು ಯಾವ ಆದಾಯದಿಂದಲೂ ಕಳೆಯದಿದ್ದರೂ, ಮನೆಯನ್ನು ಮಾರಿದ ದಿನ ಬಂಡವಾಳ ಲಾಭದ ಲೆಕ್ಕದಲ್ಲಿ ‘ಸುಧಾರಣಾ ವೆಚ್ಚ’ವಾಗಿ ಉಪಯೋಗಕ್ಕೆ ಬರುತ್ತದೆ. 2001ರ ಏಪ್ರಿಲ್ 1ಕ್ಕೆ ಮೊದಲೇ ಪಡೆದ ಆಸ್ತಿಗೆ ಆ ದಿನಾಂಕದ ನಂತರದ ಸುಧಾರಣೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಸಿಮೆಂಟು, ಕಬ್ಬಿಣ, ಇಟ್ಟಿಗೆಗಳನ್ನು ತಾವೇ ತಂದು, ಕೂಲಿಯವರನ್ನು ತಾವೇ ಇಟ್ಟು ಕಟ್ಟಿಸಿದವರ ಬಳಿ ಗುತ್ತಿಗೆದಾರನ ಒಂದೇ ಬಿಲ್ಲು ಇರುವುದಿಲ್ಲ, ಹತ್ತಾರು ಚೀಟಿಗಳಿರುತ್ತವೆ. ಹದಿನೈದು ವರ್ಷಗಳ ನಂತರ ಅವು ಸಿಗದಿದ್ದರೆ ನಿಜವಾಗಿ ಮಾಡಿದ ವೆಚ್ಚಕ್ಕೂ ತೆರಿಗೆ ತೆರಬೇಕಾಗುತ್ತದೆ. ಸುಣ್ಣಬಣ್ಣದಂತಹ ವಾರ್ಷಿಕ ದುರಸ್ತಿ ಮಾತ್ರ ಸುಧಾರಣೆ ಎನಿಸುವುದಿಲ್ಲ.

8. ದುರಸ್ತಿ ಪುಸ್ತಕ

ಇಷ್ಟೆಲ್ಲಕ್ಕೂ ನನ್ನ ಸಲಹೆ ಸರಳವಾದುದು. ನೂರು ಪುಟದ ಒಂದು ಪುಸ್ತಕವನ್ನಿಟ್ಟು ಪ್ರತಿ ಕಟ್ಟಡಕ್ಕೆ ಕೆಲವು ಹಾಳೆಗಳನ್ನು ಮೀಸಲಿಡಿ. ಪ್ರತಿ ಕೆಲಸಕ್ಕೂ ಆರು ವಿಷಯಗಳನ್ನು ಬರೆಯಿರಿ: ದಿನಾಂಕ, ಕಂಡ ದೋಷ, ಕಂಡುಹಿಡಿದ ಕಾರಣ, ಮಾಡಿದ ಕೆಲಸ, ಸಾಮಗ್ರಿಯ ಬಿಲ್ಲು ಸಂಖ್ಯೆ ಮತ್ತು ಮೊತ್ತ, ಕೊಟ್ಟ ಕೂಲಿ. ಕೆಲಸಕ್ಕೆ ಮೊದಲು ಮತ್ತು ನಂತರ ತೆಗೆದ ಛಾಯಾಚಿತ್ರಗಳನ್ನು ಬಿಲ್ಲಿನೊಡನೆ ಇರಿಸಿದರೆ ಅದು ದುರಸ್ತಿಯೇ ಹೊರತು ಹೊಸ ನಿರ್ಮಾಣವಲ್ಲವೆಂಬುದಕ್ಕೆ ಬಲವಾದ ಆಧಾರವಾಗುತ್ತದೆ. ‘ಕಂಡುಹಿಡಿದ ಕಾರಣ’ ಎಂಬ ಕಲಮನ್ನು ಖಾಲಿ ಬಿಟ್ಟು ಸಾಮಗ್ರಿ ಕೊಳ್ಳಲು ಹೋಗಬಾರದೆಂಬ ನಿಯಮವನ್ನು ನಾನೀಗ ನನ್ನ ಮನೆಯಲ್ಲಿ ಪಾಲಿಸುತ್ತಿದ್ದೇನೆ. ಮೊದಲೇ ಪಾಲಿಸಿದ್ದರೆ 13,500 ರೂಪಾಯಿ ಮತ್ತು ಒಂದು ಕಟ್ಟು ಕಡತ ಉಳಿಯುತ್ತಿತ್ತು.

9. ಅಭ್ಯಾಸ

ಓದುಗರು ಉತ್ತರ ನೋಡುವ ಮೊದಲು ತಾವೇ ಯೋಚಿಸುವುದು ಒಳಿತು.

ಪ್ರಶ್ನೆ 1: ಸ್ವಂತ ಗೋದಾಮಿನ 40 ಒಡೆದ ಹೆಂಚುಗಳನ್ನು ಬದಲಿಸಲಾಗಿದೆ. ಇದು ಯಾವ ವೆಚ್ಚ?
ಪ್ರಶ್ನೆ 2: ಮೂರನೆಯ ಒಂದು ಭಾಗ ಅಂಗಡಿಯಿರುವ ಮನೆಗೆ ಬಣ್ಣ ಬಳಿಯಲು ಒಟ್ಟು 30,000 ರೂಪಾಯಿ ಖರ್ಚಾಗಿದೆ. ವ್ಯಾಪಾರಕ್ಕೆ ಎಷ್ಟು ಬರೆಯಬಹುದು?
ಪ್ರಶ್ನೆ 3: ವರ್ಷಕ್ಕೆ 1,20,000 ರೂಪಾಯಿ ಬಾಡಿಗೆ ಬರುವ ಮನೆಗೆ 6,000 ರೂಪಾಯಿ ಪುರಸಭೆ ತೆರಿಗೆ ಕಟ್ಟಿ, 5,000 ರೂಪಾಯಿ ದುರಸ್ತಿ ಮಾಡಲಾಗಿದೆ. ದುರಸ್ತಿಯ ಬಾಬ್ತು ಕಳೆಯಬಹುದಾದ ಮೊತ್ತವೆಷ್ಟು?
ಪ್ರಶ್ನೆ 4: ಲಾಭವನ್ನು ಅಂದಾಜು ದರದಲ್ಲಿ ತೋರಿಸುವ 44ಎಡಿ ಪದ್ಧತಿಯ ವರ್ತಕರು ಅಂಗಡಿಯ ದುರಸ್ತಿಯನ್ನು ಪ್ರತ್ಯೇಕವಾಗಿ ಕಳೆಯಬಹುದೇ?

ಉತ್ತರಗಳು: (1) ಚಾಲ್ತಿ ದುರಸ್ತಿ, ಅದೇ ವರ್ಷ ಪೂರ್ಣ ಕಡಿತ. (2) 10,000 ರೂಪಾಯಿ; ಉಳಿದ 20,000 ಮಾಲೀಕರ ಸ್ವಂತ ಖಾತೆಗೆ. (3) 1,14,000 ರೂಪಾಯಿಯ ಶೇ. 30, ಅಂದರೆ 34,200 ರೂಪಾಯಿ; ವಾಸ್ತವ ವೆಚ್ಚದ 5,000ಕ್ಕೆ ಪ್ರತ್ಯೇಕ ಕಡಿತವಿಲ್ಲ. (4) ಇಲ್ಲ; ಎಲ್ಲ ಖರ್ಚುಗಳೂ ಅಂದಾಜು ಲಾಭದಲ್ಲೇ ಅಡಕವಾಗಿವೆಯೆಂದು ಭಾವಿಸಲಾಗುತ್ತದೆ.

ಸ್ವಂತ ಕೈಯಿಂದ ಕೆಲಸ ಮಾಡುವುದು ನಮ್ಮ ಹಿರಿಯ ವರ್ತಕರಲ್ಲಿದ್ದ ಒಳ್ಳೆಯ ರೂಢಿ. ಅದನ್ನು ಕೈಬಿಡಬೇಕೆಂದು ಈ ಲೇಖನ ಹೇಳುತ್ತಿಲ್ಲ. ಏಣಿಯನ್ನು ಗೋಡೆಗೆ ಒರಗಿಸುವ ಮೊದಲು ಕಾಗದ-ಲೇಖನಿಯೊಡನೆ ಹತ್ತು ನಿಮಿಷ ಕುಳಿತು ಎರಡು ಲೆಕ್ಕಗಳನ್ನೂ ಹಾಕಿರಿ ಎಂಬುದಷ್ಟೇ ವಿನಂತಿ. ತಮ್ಮ ಕಟ್ಟಡದ ನಿರ್ದಿಷ್ಟ ಸಂದರ್ಭದಲ್ಲಿ ಸಂಶಯವಿದ್ದರೆ ಖರ್ಚು ಮಾಡುವ ಮೊದಲೇ ತಮ್ಮ ಲೆಕ್ಕ ಪರಿಶೋಧಕರನ್ನು ವಿಚಾರಿಸಿರಿ. ಖರ್ಚಾದ ಮೇಲೆ ನಾವು ನೋಡಬಲ್ಲದ್ದು ಬಿಲ್ಲನ್ನು ಮಾತ್ರ.